ಸಕ್ಕರೆ ಕಾರ್ಖಾನೆಯ ಕೊಳವೆಗಳಿಗೆ ಗೇಟ್ ವಾಲ್ವ್ ಆಯ್ಕೆ

ಕಾರ್ಖಾನೆಗೆ ಗೇಟ್ ವಾಲ್ವ್ ತರಿಸುವಾಗ ಖರೀದಿ ಪತ್ರದಲ್ಲಿ ಸಾಮಾನ್ಯವಾಗಿ ಕಾಣಿಸುವುದು ಕೊಳವೆಯ ಅಳತೆ, ಒತ್ತಡದ ವರ್ಗ, ಎರಕದ ಲೋಹ ಮತ್ತು ಫ್ಲೇಂಜಿನ ಮಾದರಿ ಮಾತ್ರ. ವಾಲ್ವಿನ ಒಳಗೆ ಮೇಲೆ ಕೆಳಗೆ ಸರಿಯುವ ಗೇಟು ಯಾವ ವಿನ್ಯಾಸದ್ದಾಗಿರಬೇಕು ಎಂಬುದನ್ನು ಬಹುಪಾಲು ತಯಾರಕರ ರೂಢಿಗೇ ಬಿಟ್ಟುಬಿಡಲಾಗುತ್ತದೆ. ಒಂದೇ ಅಳತೆಯ, ಒಂದೇ ವರ್ಗದ, ಒಂದೇ ಲೋಹದ ಎರಡು ವಾಲ್ವುಗಳಲ್ಲಿ ಒಂದು ಹಲವು ವರ್ಷ ತಕರಾರಿಲ್ಲದೆ ತೆರೆದು ಮುಚ್ಚುತ್ತಿರುವಾಗ ಇನ್ನೊಂದು ಮೊದಲ ಹಂಗಾಮಿನ ಕೊನೆಗೇ ಕಚ್ಚಿಕೊಂಡು ಕೂರುವುದಕ್ಕೆ ಮೇಲಿನ ವಿವರಗಳಲ್ಲಿ ಯಾವುದೂ ಕಾರಣ ಹೇಳಲಾರದು. ಗೇಟು ತನ್ನ ಸೀಟಿನ ಮೇಲೆ, ಅಂದರೆ ಒಡಲೊಳಗೆ ಅದು ಆತು ಕೂರುವ ಉಂಗುರದಂತಹ ಮುಖದ ಮೇಲೆ, ಯಾವ ಬಲದಿಂದ ಒತ್ತಿಕೊಳ್ಳುತ್ತದೆ, ಆ ಸ್ಥಿತಿಯಲ್ಲಿ ವಾಲ್ವ್ ಕಾದರೆ ಅಥವಾ ತಣಿದರೆ ಏನಾಗುತ್ತದೆ ಎಂಬ ಪ್ರಶ್ನೆಗಳಿಂದ ಆಯ್ಕೆಯನ್ನು ಆರಂಭಿಸಿದರೆ ಉಳಿದ ವಿವರಗಳು ತಮ್ಮ ಜಾಗದಲ್ಲಿ ಬಂದು ಕೂರುತ್ತವೆ.

ಈ ಪ್ರಶ್ನೆಗಳನ್ನು ಪರಿಶೀಲಿಸಲು ಸಹ ವಿದ್ಯುತ್ ಘಟಕವಿರುವ ಸಕ್ಕರೆ ಕಾರ್ಖಾನೆಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಮಂಡ್ಯ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಕಾಣಸಿಗುವ ಇಂತಹ ಕಾರ್ಖಾನೆಯ ಒಂದೇ ಆವರಣದಲ್ಲಿ ನದಿಯ ಕಚ್ಚಾ ನೀರು, ಕುದಿಯುವ ಬಿಸಿಯ ಕಬ್ಬಿನ ರಸ, ಸುಣ್ಣದ ಹಾಲು, ಮಂದವಾದ ಕಾಕಂಬಿ, ಟರ್ಬೈನಿನಿಂದ ಹೊರಬಿದ್ದ ಕಡಿಮೆ ಒತ್ತಡದ ಹಬೆ ಮತ್ತು ಬಾಯ್ಲರಿನಿಂದ ನೇರವಾಗಿ ಬರುವ ಅತಿತಾಪದ ಹಬೆ ಇವೆಲ್ಲಕ್ಕೂ ಬೇರೆ ಬೇರೆ ಕೊಳವೆಗಳಿರುತ್ತವೆ. ಕಬ್ಬಿನ ಸಿಪ್ಪೆಯನ್ನು ಉರಿಸುವ ಈ ಬಾಯ್ಲರುಗಳು ಚದರ ಸೆಂ.ಮೀ.ಗೆ 67 ಕೆ.ಜಿ. ಒತ್ತಡ ಮತ್ತು ಸುಮಾರು 485 ಡಿಗ್ರಿ ಸೆಲ್ಸಿಯಸ್ ತಾಪ, 87 ಕೆ.ಜಿ. ಮತ್ತು ಸುಮಾರು 515 ಡಿಗ್ರಿ, ಇಲ್ಲವೇ 110 ಕೆ.ಜಿ. ಮತ್ತು ಸುಮಾರು 540 ಡಿಗ್ರಿ ಎಂಬ ಹಂತಗಳಲ್ಲಿ ಬಳಕೆಯಲ್ಲಿವೆ. ಇದೆಲ್ಲಕ್ಕಿಂತ ಮುಖ್ಯವಾದದ್ದು ಕಾರ್ಖಾನೆಯ ವಾರ್ಷಿಕ ಲಯ: ಕಬ್ಬು ನುರಿಸುವ ಹಂಗಾಮು ಮುಗಿದಾಗ ಕಾದ ಸ್ಥಿತಿಯಲ್ಲೇ ಮುಚ್ಚಿದ ವಾಲ್ವುಗಳು ತಿಂಗಳುಗಟ್ಟಲೆ ತಣ್ಣಗೆ ಕುಳಿತು, ಮುಂದಿನ ಹಂಗಾಮಿನ ಆರಂಭದಲ್ಲಿ ಮತ್ತೆ ತೆರೆದುಕೊಳ್ಳಬೇಕಾಗುತ್ತದೆ. ಗೇಟಿನ ವಿನ್ಯಾಸ ತಪ್ಪಿದ್ದರೆ ಅದು ಬಯಲಾಗುವುದು ಆ ದಿನವೇ.

ಮೊದಲಿಗೆ ಗೇಟ್ ವಾಲ್ವ್ ಯಾವ ಕೆಲಸಕ್ಕೆ ಎಂಬುದು ಸ್ಪಷ್ಟವಾಗಿರಬೇಕು. ಪೂರ್ಣ ತೆರೆದಾಗ ಗೇಟು ಹರಿವಿನ ದಾರಿಯಿಂದ ಸಂಪೂರ್ಣವಾಗಿ ಮೇಲೆದ್ದು ನಿಲ್ಲುವುದರಿಂದ ಒತ್ತಡದ ನಷ್ಟ ಅತ್ಯಲ್ಪ. ಕೊಳವೆಯ ವ್ಯಾಸದ ಸುಮಾರು 8 ಪಟ್ಟು ಉದ್ದದ ನೇರ ಕೊಳವೆ ಒಡ್ಡುವಷ್ಟೇ ಅಡ್ಡಿಯನ್ನು ಇದು ಒಡ್ಡುತ್ತದೆ ಎಂದು ಲೆಕ್ಕ ಹಾಕುವುದು ವಾಡಿಕೆ, ಸಾಮಾನ್ಯ ಗ್ಲೋಬ್ ವಾಲ್ವಿಗೆ ಅದೇ ಲೆಕ್ಕ 340 ಪಟ್ಟಿನಷ್ಟಾಗುತ್ತದೆ. ಆದರೆ ಅರ್ಧ ತೆರೆದು ಹರಿವನ್ನು ಹತೋಟಿಗೆ ತರಲು ಇದು ತಕ್ಕುದಲ್ಲ, ಏಕೆಂದರೆ ಗೇಟಿನ ಕೆಳ ಅಂಚಿನ ಕಿರಿದಾದ ಸಂದಿಯಲ್ಲಿ ರಭಸದಿಂದ ನುಗ್ಗುವ ಹಬೆ ಸೀಟಿನ ಮುಖದಲ್ಲಿ ತಂತಿ ಎಳೆದಂತಹ ಗೀರುಗಳನ್ನು ಕೊರೆಯುತ್ತದೆ, ನಡುವೆ ತೂಗುವ ಗೇಟು ಅದುರಿ ತನ್ನ ಮಾರ್ಗದರ್ಶಕ ಪಟ್ಟಿಗಳನ್ನು ಸವೆಸುತ್ತದೆ. ಹೀಗಾಗಿ ಪೂರ್ಣ ತೆರೆ ಅಥವಾ ಪೂರ್ಣ ಮುಚ್ಚು ಎಂಬ ಎರಡೇ ಸ್ಥಿತಿಗಳ ಜಾಗಕ್ಕೆ ಮಾತ್ರ ಗೇಟ್ ವಾಲ್ವನ್ನು ಆರಿಸಬೇಕು. ಹರಿವಿನ ನಿಯಂತ್ರಣ ಬೇಕಾದ ಕಡೆ ಗ್ಲೋಬ್ ವಾಲ್ವೇ ಸರಿ.

ಬಳಕೆಯಲ್ಲಿರುವ ಗೇಟುಗಳಲ್ಲಿ ಬೆಣೆಯಾಕಾರದ್ದೇ ಹೆಚ್ಚು. ಲಂಬಕ್ಕೆ ಸಾಮಾನ್ಯವಾಗಿ 5 ಡಿಗ್ರಿಯಷ್ಟು ವಾಲಿದ ಎರಡು ಸೀಟುಗಳ ನಡುವೆ ಬೆಣೆ ಇಳಿದು, ಸ್ಪಿಂಡಲಿನ, ಅಂದರೆ ಗೇಟನ್ನು ಏರಿಳಿಸುವ ದಂಡದ, ಬಲದಿಂದ ಎರಡೂ ಕಡೆ ಒತ್ತಿಕೊಂಡು ನಿಲ್ಲುತ್ತದೆ. ಇಲ್ಲಿ ಬಿಗಿತವನ್ನು ಕೊಡುವುದು ಮುಖ್ಯವಾಗಿ ಹ್ಯಾಂಡ್‌ವೀಲ್ ತಿರುಗಿಸುವವನ ಕೈಬಲವೇ ಹೊರತು ಕೊಳವೆಯೊಳಗಿನ ಒತ್ತಡವಲ್ಲ. ಆದ್ದರಿಂದ ಒತ್ತಡ ಕಡಿಮೆಯಿರುವ ಕೊಳವೆಯಲ್ಲೂ ಬೆಣೆ ಚೆನ್ನಾಗಿ ಮುಚ್ಚುತ್ತದೆ. ಆದರೆ ಇದೇ ಗುಣ ತಾಪ ಬದಲಾಗುವ ಕೊಳವೆಯಲ್ಲಿ ದೋಷವಾಗುತ್ತದೆ. ಯಾವ ಸೀಳೂ ಇಲ್ಲದ ಒಂದೇ ತುಂಡಿನ ಗೇಟನ್ನು ಇಡಿ ಬೆಣೆ ಎನ್ನಬಹುದು; ಅದನ್ನು ಕಾದ ಸ್ಥಿತಿಯಲ್ಲಿ ಬಿಗಿಯಾಗಿ ಮುಚ್ಚಿದ ನಂತರ ಒಡಲು ತಣಿದು ಕುಗ್ಗಿದಾಗ ಎರಡು ಸೀಟುಗಳೂ ಒಳಕ್ಕೆ ಸರಿದು ಬೆಣೆಯನ್ನು ಹಿಡಿದುಬಿಡುತ್ತವೆ. ಇದಕ್ಕೆ ವಿರುದ್ಧವಾಗಿ, ತಣ್ಣನೆಯ ಸ್ಪಿಂಡಲಿನಿಂದ ಮುಚ್ಚಿದ ವಾಲ್ವಿಗೆ ಆಮೇಲೆ ಹಬೆಯ ಕಾವು ತಟ್ಟಿದರೆ ಸ್ಪಿಂಡಲ್ ಉದ್ದವಾಗಿ ಬೆಣೆಯನ್ನು ಇನ್ನಷ್ಟು ಕೆಳಕ್ಕೆ ತುರುಕುತ್ತದೆ. ಎರಡೂ ಸಂದರ್ಭಗಳಲ್ಲಿ ಫಲ ಒಂದೇ: ಹಂಗಾಮಿನ ಆರಂಭದಲ್ಲಿ ಹ್ಯಾಂಡ್‌ವೀಲಿಗೆ ಉದ್ದನೆಯ ಪೈಪು ಸಿಕ್ಕಿಸಿ ಇಬ್ಬರು ಮೂವರು ತೂಗಿದರೂ ಗೇಟು ಅಲುಗುವುದಿಲ್ಲ, ಅಲುಗಿದರೆ ಬಾಗಿದ ಸ್ಪಿಂಡಲ್ ಅಥವಾ ಗೇಟಿನಿಂದ ಕಿತ್ತುಬಂದ ಅದರ ಟಿ-ತಲೆ ಕೈಗೆ ಸಿಗುತ್ತದೆ. ಇಂಗ್ಲಿಷಿನಲ್ಲಿ ಥರ್ಮಲ್ ಬೈಂಡಿಂಗ್ ಎನ್ನಲಾಗುವ ಈ ಕಚ್ಚುವಿಕೆಗೆ ತುಕ್ಕನ್ನೋ ಗ್ರೀಸ್ ಹಾಕದ ಫಿಟ್ಟರನನ್ನೋ ಹೊಣೆಯಾಗಿಸುವುದು ಸಾಮಾನ್ಯವಾದರೂ ಬಹಳ ಸಲ ಅದರ ಮೂಲ ವಿನ್ಯಾಸದ ಆಯ್ಕೆಯಲ್ಲೇ ಇರುತ್ತದೆ, ಕೆಲಸಗಾರನ ಮೇಲೆ ಈ ಆರೋಪ ಹೊರಿಸುವುದು ನ್ಯಾಯವಲ್ಲ.

ಇದಕ್ಕೆ ಮೊದಲ ಪರಿಹಾರ ಬಾಗುವ ಬೆಣೆ, ಅಂದರೆ ಫ್ಲೆಕ್ಸಿಬಲ್ ವೆಜ್. ಇದೂ ಒಂದೇ ತುಂಡಿನ ಗೇಟು. ಆದರೆ ಸುತ್ತಂಚಿನಿಂದ ಒಳಕ್ಕೆ ಆಳವಾದ ಸೀಳು ಕೊರೆದಿರುವುದರಿಂದ ನಡುವಿನ ಗಟ್ಟಿ ಭಾಗವೊಂದು ಎರಡು ಮುಖಗಳನ್ನು ಹಿಡಿದಿಟ್ಟು, ಆ ಮುಖಗಳು ಸೀಟಿನ ಸಣ್ಣಪುಟ್ಟ ಓರೆಗೆ ಹೊಂದಿಕೊಂಡು ತುಸು ಬಾಗಬಲ್ಲವು. ಒಡಲು ಕುಗ್ಗಿದಾಗ ಬೆಣೆಯೂ ಸ್ವಲ್ಪ ಒಳಗೆ ಸರಿಯುವುದರಿಂದ ಹಿಡಿತ ಇಡಿ ಬೆಣೆಯಷ್ಟು ಕ್ರೂರವಾಗಿರುವುದಿಲ್ಲ. ಉಕ್ಕಿನ ಗೇಟ್ ವಾಲ್ವುಗಳಿಗೆ ಸಂಬಂಧಿಸಿದ ಎಪಿಐ 600 ಎಂಬ ಅಮೆರಿಕದ ಮಾನದಂಡದ ಪ್ರಕಾರ, ಖರೀದಿದಾರರು ಏನನ್ನೂ ಹೇಳದಿದ್ದರೆ ಇಡಿ ಬೆಣೆಯನ್ನಾಗಲಿ ಬಾಗುವ ಬೆಣೆಯನ್ನಾಗಲಿ ಕೊಡುವ ಸ್ವಾತಂತ್ರ್ಯ ತಯಾರಕರಿಗಿದೆ. ಹಬೆಯ ಕೊಳವೆಗೆ ತರಿಸುವಾಗ ಖರೀದಿ ಪತ್ರದಲ್ಲಿ ಗೇಟಿನ ಮಾದರಿಯನ್ನು ಹೆಸರಿಸಿ ಬರೆಯಲೇಬೇಕು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು. ಎರಡು ಬಿಡಿ ಹೋಳುಗಳಿರುವ ಒಡಕು ಬೆಣೆ, ಅಂದರೆ ಸ್ಪ್ಲಿಟ್ ವೆಜ್, ಸೀಟಿಗೆ ಇನ್ನೂ ಚೆನ್ನಾಗಿ ಹೊಂದಿಕೊಳ್ಳುತ್ತದೆಯಾದರೂ ಸಾಧಾರಣ ತಾಪದ ದ್ರವ ಮತ್ತು ಅನಿಲಗಳಿಗೇ ಹೆಚ್ಚು ಒಪ್ಪುತ್ತದೆ.

ಬಾಗುವ ಬೆಣೆ ಕಚ್ಚುವಿಕೆಯನ್ನು ಕಡಿಮೆ ಮಾಡುತ್ತದೆಯೇ ವಿನಾ ಇಲ್ಲವಾಗಿಸುವುದಿಲ್ಲ. ಅದನ್ನು ಬೇರಿನಿಂದಲೇ ಕಿತ್ತುಹಾಕುವುದು ಸಮಾಂತರ ಸೀಟುಗಳ ವಾಲ್ವ್, ಪ್ಯಾರಲಲ್ ಸ್ಲೈಡ್ ಎಂದು ವಿದ್ಯುತ್ ಸ್ಥಾವರಗಳಲ್ಲಿ ಪರಿಚಿತವಾದದ್ದು. ಇದರಲ್ಲಿ ಸೀಟುಗಳು ಓರೆಯಾಗಿರದೆ ಒಂದಕ್ಕೊಂದು ಸಮಾಂತರವಾಗಿದ್ದು, ನಡುವೆ ಸ್ಪ್ರಿಂಗ್ ಇಟ್ಟ ಎರಡು ತಟ್ಟೆಗಳು ಅವುಗಳ ಮೇಲೆ ಜಾರುತ್ತ ಇಳಿಯುತ್ತವೆ. ಬೆಣೆ ಎಂಬುದೇ ಇಲ್ಲವಾದ್ದರಿಂದ ಸ್ಪಿಂಡಲ್ ತಟ್ಟೆಗಳನ್ನು ಸರಿಯಾದ ಎತ್ತರಕ್ಕೆ ತಂದು ನಿಲ್ಲಿಸುತ್ತದಷ್ಟೆ. ಆಚೆಬದಿಯ ತಟ್ಟೆಯನ್ನು ಸೀಟಿಗೆ ಒತ್ತುವುದು ಕೊಳವೆಯೊಳಗಿನ ಒತ್ತಡವೇ. ಒಡಲು ಎಷ್ಟೇ ಕುಗ್ಗಿದರೂ ಸ್ಪ್ರಿಂಗಿನ ಎಡೆ ಇರುವುದರಿಂದ ತಟ್ಟೆಗಳು ಸಿಕ್ಕಿಕೊಳ್ಳುವುದಿಲ್ಲ, ಮತ್ತು ಪ್ರತಿ ಸಲ ಜಾರುವಾಗಲೂ ತಟ್ಟೆ ಸೀಟಿನ ಮುಖವನ್ನು ಒರೆಸಿಕೊಂಡೇ ಹೋಗುತ್ತದೆ. ಇದರ ಕೊರತೆ ಕಡಿಮೆ ಒತ್ತಡದಲ್ಲಿ ಕಾಣುತ್ತದೆ: ಒತ್ತುವ ಬಲ ಸಾಲದಿದ್ದಾಗ ಸೋರಿಕೆ ಖಚಿತ. ಆದ್ದರಿಂದ 67 ಕೆ.ಜಿ. ಮತ್ತು ಅದಕ್ಕಿಂತ ಹೆಚ್ಚಿನ ಮುಖ್ಯ ಹಬೆಯ ಕೊಳವೆಗೆ ಸಮಾಂತರ ಸೀಟಿನ ವಾಲ್ವ್, ಟರ್ಬೈನಿನಿಂದ ಆವೀಕರಣ ಪಾತ್ರೆಗಳಿಗೆ ಹೋಗುವ ಕಡಿಮೆ ಒತ್ತಡದ ಹಬೆಯ ಕೊಳವೆಗೆ ಬಾಗುವ ಬೆಣೆ ಎಂಬ ಹಂಚಿಕೆ ಯುಕ್ತವಾದದ್ದು. ಸಮಾಂತರ ಸೀಟಿನ ವಾಲ್ವಿಗೆ ವಿದ್ಯುತ್ ಮೋಟಾರು ಜೋಡಿಸುವುದಾದರೆ ಬಲದ ಮಿತಿಯಿಂದಲ್ಲ, ಸ್ಥಾನದ ಮಿತಿಯಿಂದ ನಿಲ್ಲುವಂತೆ ಅದನ್ನು ಹೊಂದಿಸಬೇಕಾಗುತ್ತದೆ.

ಕಚ್ಚುವಿಕೆಗಿಂತ ಹೆಚ್ಚು ಅಪಾಯಕಾರಿಯಾದ, ಆದರೆ ಕಡಿಮೆ ಪರಿಚಿತವಾದ ಇನ್ನೊಂದು ತೊಂದರೆಯಿದೆ. ವಾಲ್ವ್ ಮುಚ್ಚಿದಾಗ ಎರಡು ಸೀಟುಗಳ ನಡುವೆ ಮತ್ತು ಬಾನೆಟ್ಟಿನ, ಅಂದರೆ ಒಡಲ ಮೇಲಿನ ಮುಚ್ಚಳದ ಒಳಗೆ ಒಂದು ಪೊಳ್ಳು ಉಳಿಯುತ್ತದೆ. ಹಂಗಾಮಿಗೆ ಮುಂಚೆ ನಡೆಯುವ ಜಲಪರೀಕ್ಷೆಯ ನೀರು ಆ ಪೊಳ್ಳಿನಲ್ಲಿ ತುಂಬಿ ನಿಂತಿರುವಾಗಲೇ ವಾಲ್ವನ್ನು ಮುಚ್ಚಿ ಬಾಯ್ಲರಿಗೆ ಬೆಂಕಿ ಹಾಕಿದರೆ, ಒಡಲಿನ ಮೂಲಕ ಹರಿದ ಕಾವಿನಿಂದ ಆ ನೀರು ಹಿಗ್ಗಲು ತೊಡಗುತ್ತದೆ. ಹಿಗ್ಗಲು ಜಾಗವಿಲ್ಲದ ನೀರಿನ ಒತ್ತಡ ತಾಪದ ಪ್ರತಿ ಡಿಗ್ರಿಗೂ ಹಲವು ಬಾರ್‌ಗಳಂತೆ ಏರುತ್ತದೆ. ಆಗ ಎರಡೂ ತಟ್ಟೆಗಳು ಒಳಗಿನಿಂದ ಹೊರಕ್ಕೆ ಒತ್ತಲ್ಪಟ್ಟು ಗೇಟು ತೆರೆಯದಂತೆ ಬಂಧಿಸಲ್ಪಡುತ್ತದೆ, ಒತ್ತಡ ಇನ್ನೂ ಏರಿದರೆ ಬಾನೆಟ್ಟಿನ ಗ್ಯಾಸ್ಕೆಟ್ ಹಾರಿಹೋಗಬಹುದು ಅಥವಾ ಒಡಲೇ ಬಿರುಕು ಬಿಡಬಹುದು. ಅಮೆರಿಕದ ಪರಮಾಣು ನಿಯಂತ್ರಣ ಆಯೋಗವು 1995ರಲ್ಲಿ ಹೊರಡಿಸಿದ 95-07 ಸಂಖ್ಯೆಯ ಪತ್ರದಲ್ಲಿ ಕಚ್ಚುವಿಕೆ ಮತ್ತು ಈ ಒತ್ತಡದ ಬಂಧನ ಎರಡನ್ನೂ ಒಟ್ಟಿಗೆ ಹೆಸರಿಸಿ, ಸುರಕ್ಷತೆಗೆ ಸಂಬಂಧಿಸಿದ ಯಂತ್ರಚಾಲಿತ ಗೇಟ್ ವಾಲ್ವುಗಳನ್ನೆಲ್ಲ ಪರಿಶೀಲಿಸುವಂತೆ ಅಲ್ಲಿನ ಸ್ಥಾವರಗಳಿಗೆ ಸೂಚಿಸಿತ್ತು.

ಇದರ ಸರಳ ನಿವಾರಣೆಯೆಂದರೆ ಒತ್ತಡ ಬರುವ ಬದಿಯ ತಟ್ಟೆಯಲ್ಲಿ ಒಂದು ಸಣ್ಣ ರಂಧ್ರ ಕೊರೆದು ಪೊಳ್ಳನ್ನು ಆ ಬದಿಯ ಕೊಳವೆಗೆ ಸೇರಿಸುವುದು. ಆದರೆ ರಂಧ್ರ ಕೊರೆದ ಕ್ಷಣದಿಂದ ವಾಲ್ವ್ ಒಂದೇ ದಿಕ್ಕಿನದಾಗುತ್ತದೆ, ಒಡಲ ಮೇಲೆ ಬಾಣದ ಗುರುತು ಹಾಕಬೇಕಾಗುತ್ತದೆ. ಎರಡು ಬಾಯ್ಲರುಗಳು ಒಂದೇ ಹೆಡರಿಗೆ, ಅಂದರೆ ಹಬೆಯನ್ನು ಕೂಡಿಸುವ ದೊಡ್ಡ ಕೊಳವೆಗೆ, ಜೋಡಣೆಯಾಗಿರುವ ಕಾರ್ಖಾನೆಯಲ್ಲಿ ಈ ವಿಷಯಕ್ಕೆ ವಿಶೇಷ ಗಮನ ಬೇಕು: ಒಂದು ಬಾಯ್ಲರ್ ನಿಂತು ಇನ್ನೊಂದು ನಡೆಯುತ್ತಿರುವಾಗ ಒತ್ತಡ ಹೆಡರಿನ ಕಡೆಯಿಂದ ಬರುತ್ತದೆ, ಬಾಯ್ಲರಿನ ಕಡೆ ರಂಧ್ರವಿರುವ ವಾಲ್ವ್ ಆಗ ಸೋರುತ್ತದೆ, ಆ ಸೋರಿಕೆ ಹೋಗುವುದು ಜನ ಇಳಿದು ಕೆಲಸ ಮಾಡುತ್ತಿರಬಹುದಾದ ಬಾಯ್ಲರಿನ ಒಳಕ್ಕೆ. ಇಂತಹ ಜಾಗದಲ್ಲಿ ತಟ್ಟೆಗೆ ರಂಧ್ರ ಕೊರೆಯದೆ ಪೊಳ್ಳಿಗೆ ಪ್ರತ್ಯೇಕ ಒತ್ತಡ ಬಿಡುಗಡೆಯ ವಾಲ್ವನ್ನು ಹೊರಗಿನಿಂದ ಕೂಡಿಸುವುದೇ ಕ್ಷೇಮ. ಅಷ್ಟಾದರೂ ಮುಚ್ಚಿದ ಒಂದೇ ಗೇಟ್ ವಾಲ್ವನ್ನು ನಂಬಿ ಯಾರನ್ನೂ ಒಳಗೆ ಇಳಿಸಬಾರದು. ಅಮೆರಿಕದ ಎಎಸ್‌ಎಂಇ ಬಾಯ್ಲರ್ ಸಂಹಿತೆಯು ಮ್ಯಾನ್‌ಹೋಲ್ ಇರುವ ಬಾಯ್ಲರುಗಳು ಒಂದೇ ಹೆಡರಿಗೆ ಸೇರಿರುವಲ್ಲಿ ಪ್ರತಿ ಬಾಯ್ಲರಿಗೂ ಎರಡು ವಾಲ್ವ್, ನಡುವೆ ಹೊರಗೆ ಕಾಣುವಂತೆ ಸುರಿಯುವ ಡ್ರೈನ್ ಕೇಳುತ್ತದೆ. ಆ ಡ್ರೈನನ್ನು ತೆರೆದಿಟ್ಟು, ಫ್ಲೇಂಜುಗಳ ನಡುವೆ ಕುರುಡು ತಟ್ಟೆ ಇಳಿಸಿದ ಮೇಲಷ್ಟೇ ಒಳಗಿನ ಕೆಲಸಕ್ಕೆ ಅನುಮತಿ ಕೊಡುವುದು ಸರಿಯಾದ ಕ್ರಮ.

ದೊಡ್ಡ ವಾಲ್ವನ್ನು ಪೂರ್ಣ ಒತ್ತಡದ ಎದುರು ತೆರೆಯಲು ಬೇಕಾಗುವ ಬಲವನ್ನು ಕಾಗದದ ಮೇಲೆ ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ತಟ್ಟೆಯ ವ್ಯಾಸ 20 ಸೆಂ.ಮೀ. ಇದ್ದರೆ ಅದರ ವಿಸ್ತೀರ್ಣ 314 ಚದರ ಸೆಂ.ಮೀ.; ಒಂದು ಕಡೆ 67 ಕೆ.ಜಿ. ಒತ್ತಡವಿದ್ದು ಇನ್ನೊಂದು ಕಡೆ ಏನೂ ಇಲ್ಲದಿದ್ದರೆ ತಟ್ಟೆಯನ್ನು ಸೀಟಿಗೆ ಒತ್ತುವ ಭಾರ ಸುಮಾರು 21 ಟನ್. ಘರ್ಷಣೆಯ ಗುಣಾಂಕವನ್ನು 0.3 ಎಂದಿಟ್ಟುಕೊಂಡರೂ ಅದನ್ನು ಎಳೆಯಲು 6 ಟನ್ನಿಗೂ ಮೀರಿದ ಬಲ ಬೇಕು, ಆ ಎಳೆತದುದ್ದಕ್ಕೂ ಸೀಟಿನ ಮುಖ ಉಜ್ಜಿಸಿಕೊಳ್ಳುತ್ತಿರುತ್ತದೆ. ಮುಖ್ಯ ವಾಲ್ವಿನ ಪಕ್ಕದಲ್ಲಿ ಒಂದು ಸಣ್ಣ ಬೈಪಾಸ್ ವಾಲ್ವ್ ಇರಬೇಕೆನ್ನುವುದು ಇದಕ್ಕಾಗಿಯೇ. ಮೊದಲು ಅದನ್ನು ತೆರೆದರೆ ಹಬೆ ನಿಧಾನವಾಗಿ ಮುಂದಿನ ಕೊಳವೆಯನ್ನು ಕಾಯಿಸುತ್ತದೆ, ಅಲ್ಲಿ ಸೇರಿದ ನೀರು ಡ್ರೈನಿನಿಂದ ಹೊರಬೀಳುತ್ತದೆ, ಎರಡೂ ಬದಿಯ ಒತ್ತಡ ಸಮನಾದ ಮೇಲೆ ಮುಖ್ಯ ಗೇಟು ಹಗುರವಾಗಿ ಮೇಲೇಳುತ್ತದೆ. ಬೈಪಾಸಿಗೆ ತಗಲುವ ಹೆಚ್ಚುವರಿ ವೆಚ್ಚವನ್ನು ಉಳಿಸಲು ಹೋಗುವುದು ಎಂದೂ ಲಾಭದ ವ್ಯವಹಾರವಲ್ಲ.

ಒತ್ತಡದ ವರ್ಗವನ್ನು ಓದುವಲ್ಲಿಯೂ ಎಚ್ಚರ ಬೇಕು. 150, 300, 600, 900 ಎಂಬ ವರ್ಗದ ಸಂಖ್ಯೆಗಳು ನೇರವಾಗಿ ಯಾವುದೇ ಒತ್ತಡವನ್ನು ಹೇಳುವುದಿಲ್ಲ. ತಾಪ ಏರಿದಂತೆ ಅದೇ ವಾಲ್ವ್ ತಾಳಿಕೊಳ್ಳುವ ಒತ್ತಡ ಇಳಿಯುತ್ತ ಹೋಗುತ್ತದೆ. ಡಬ್ಲ್ಯುಸಿಬಿ ಎಂದು ಗುರುತಿಸಲಾಗುವ ಸಾಮಾನ್ಯ ಎರಕದ ಉಕ್ಕಿನ 150 ವರ್ಗದ ವಾಲ್ವ್ 38 ಡಿಗ್ರಿಯಲ್ಲಿ 19.6 ಬಾರ್ ತಾಳಿದರೆ 400 ಡಿಗ್ರಿಯಲ್ಲಿ 6.5 ಬಾರ್ ಮಾತ್ರ ತಾಳುತ್ತದೆ. 300 ವರ್ಗದ್ದಾದರೆ 51.1 ಬಾರ್ ಇದ್ದದ್ದು 34.7ಕ್ಕೆ ಇಳಿಯುತ್ತದೆ. ಅಲ್ಲದೆ 425 ಡಿಗ್ರಿಗಿಂತ ಹೆಚ್ಚಿನ ತಾಪದಲ್ಲಿ ದೀರ್ಘಕಾಲ ಇಟ್ಟರೆ ಈ ಉಕ್ಕಿನೊಳಗಿನ ಇಂಗಾಲ ಗ್ರಾಫೈಟಾಗಿ ಬೇರ್ಪಟ್ಟು ಲೋಹ ದುರ್ಬಲವಾಗುವುದರಿಂದ ಅತಿತಾಪದ ಹಬೆಗೆ ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆತ ಉಕ್ಕೇ ಬೇಕು. ಡಬ್ಲ್ಯುಸಿ6ರಲ್ಲಿ ಸುಮಾರು ಶೇ. 1.25 ಕ್ರೋಮಿಯಂ, ಡಬ್ಲ್ಯುಸಿ9ರಲ್ಲಿ ಸುಮಾರು ಶೇ. 2.25 ಕ್ರೋಮಿಯಂ ಇರುತ್ತದೆ. ಉಜ್ಜಾಟ ತಾಳಬೇಕಾದ ಗೇಟು ಮತ್ತು ಸೀಟಿನ ಮುಖಗಳಿಗೆ ಸಾಧಾರಣ ಸೇವೆಯಲ್ಲಿ ಶೇ. 13 ಕ್ರೋಮಿಯಂ ಉಕ್ಕು ಸಾಕಾದರೆ, ಹೆಚ್ಚಿನ ತಾಪದಲ್ಲಿ ಎರಡೂ ಮುಖಗಳಿಗೆ ಸ್ಟೆಲೈಟ್ ಎಂಬ ಕೋಬಾಲ್ಟ್ ಮಿಶ್ರಲೋಹದ ಲೇಪವನ್ನು ಬೆಸುಗೆಯಿಂದ ಕಟ್ಟಿಸಬೇಕಾಗುತ್ತದೆ.

ಬಾನೆಟ್ಟಿನ ಜೋಡಣೆಯೂ ಒತ್ತಡದೊಂದಿಗೆ ಬದಲಾಗುತ್ತದೆ. ಕೆಳಗಿನ ವರ್ಗಗಳಲ್ಲಿ ಬೋಲ್ಟು ಮತ್ತು ಗ್ಯಾಸ್ಕೆಟ್ ಸಾಕು. 900 ಮತ್ತು ಅದಕ್ಕಿಂತ ಮೇಲಿನ ವರ್ಗಗಳಲ್ಲಿ ಬೋಲ್ಟುಗಳು ದೈತ್ಯ ಗಾತ್ರಕ್ಕೆ ಬೆಳೆಯುವುದರಿಂದ ಪ್ರೆಷರ್ ಸೀಲ್ ಬಾನೆಟ್ಟನ್ನು ಆರಿಸಲಾಗುತ್ತದೆ. ಇದರಲ್ಲಿ ಒಳಗಿನ ಒತ್ತಡವೇ ಬಾನೆಟ್ಟನ್ನು ಮೇಲಕ್ಕೆ ತಳ್ಳಿ ಸೀಲಿನ ಉಂಗುರವನ್ನು ಬಿಗಿ ಮಾಡುವುದರಿಂದ ಒತ್ತಡ ಹೆಚ್ಚಿದಷ್ಟೂ ಮುಚ್ಚಿಕೆ ಗಟ್ಟಿಯಾಗುತ್ತದೆ. ಆದರೆ ಮೊದಲ ಸಲ ಒತ್ತಡ ಏರಿದ ಮೇಲೆ ಉಂಗುರ ಕೂರುವುದರಿಂದ ಎಳೆಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡುವುದನ್ನು ಮರೆಯಬಾರದು.

ನೀರಿನ ಕೊಳವೆಗಳ ವಿಷಯಕ್ಕೆ ಬಂದರೆ ಇಷ್ಟೆಲ್ಲ ತೊಡಕಿಲ್ಲ. ಊರಿನ ನೀರುಗಂಟಿ ಕೀಲಿ ಹಾಕಿ ತಿರುಗಿಸುವ ಸ್ಲೂಯಿಸ್ ವಾಲ್ವ್ ಕೂಡ ಗೇಟ್ ವಾಲ್ವೇ. ಭಾರತದಲ್ಲಿ 50ರಿಂದ 1200 ಮಿ.ಮೀ. ವರೆಗಿನ ಇಂತಹ ವಾಲ್ವುಗಳಿಗೆ ಐಎಸ್ 14846 ಮಾನದಂಡ ಅನ್ವಯಿಸುತ್ತದೆ. ಹಳೆಯ ಮಾದರಿಯಲ್ಲಿ ಗೇಟು ಕೂರುವ ತಳದಲ್ಲಿ ಒಂದು ತಗ್ಗು ಇರುತ್ತದೆ. ಮಳೆಗಾಲದ ನದಿನೀರಿನ ಮರಳು, ಹೂಳು ಅದರಲ್ಲಿ ತುಂಬಿಕೊಂಡರೆ ಗೇಟು ತಳ ಮುಟ್ಟುವುದೇ ಇಲ್ಲ, ಮುಚ್ಚಿದ ವಾಲ್ವಿನಲ್ಲೂ ನೀರು ಜಿನುಗುತ್ತಿರುತ್ತದೆ. ಬೆಣೆಗೆ ಪೂರ್ತಿ ರಬ್ಬರ್ ಹೊದಿಸಿ, ಒಡಲಿನ ತಳವನ್ನು ತಗ್ಗಿಲ್ಲದೆ ನೇರ ಮಾಡಿದ ಹೊಸ ಮಾದರಿಯಲ್ಲಿ ಈ ತೊಂದರೆ ಇಲ್ಲ, ಹನಿಯೂ ಸೋರದಂತೆ ಅದು ಮುಚ್ಚುತ್ತದೆ. ಕಾರ್ಖಾನೆಯ ಕಚ್ಚಾ ನೀರು ಮತ್ತು ಬೆಂಕಿ ನಂದಿಸುವ ನೀರಿನ ಕೊಳವೆಗಳಿಗೆ ಇದನ್ನೇ ಆರಿಸುವುದು ಉತ್ತಮ. ಬಿಸಿ ರಸ ಅಥವಾ ಹಬೆಯ ಹತ್ತಿರ ಮಾತ್ರ ಇದನ್ನು ತರಬಾರದು.

ಸ್ಪಿಂಡಲ್ ಮೇಲೇಳುವ ಮಾದರಿಯೋ ಏಳದ ಮಾದರಿಯೋ ಎಂಬುದನ್ನು ನಿರ್ಧರಿಸುವುದು ಜಾಗ. ಮೇಲೇಳುವ ಮಾದರಿಯಲ್ಲಿ ಸ್ಪಿಂಡಲಿನ ತಿರುಪಿನ ಮರೆಗಳು ದ್ರವದಿಂದ ಹೊರಗಿದ್ದು ಎಣ್ಣೆ ಹಾಕಲು ಸಿಗುತ್ತವೆ, ವಾಲ್ವ್ ತೆರೆದಿದೆಯೋ ಮುಚ್ಚಿದೆಯೋ ದೂರದಿಂದಲೇ ತಿಳಿಯುತ್ತದೆ. ಹಬೆಗೂ ಬೆಂಕಿ ನಂದಿಸುವ ಕೊಳವೆಗೂ ಇದೇ ತಕ್ಕದ್ದು. ಏಳದ ಮಾದರಿಯ ಮರೆ ದ್ರವದಲ್ಲೇ ಮುಳುಗಿರುವುದರಿಂದ ನೆಲದೊಳಗಿನ ನೀರಿನ ಕೊಳವೆಗೆ ಮಾತ್ರ ಅದನ್ನು ಮೀಸಲಿಡಬೇಕು.

ನಾರು ಮತ್ತು ಗಷ್ಟು ತುಂಬಿದ ಹರಿವಿಗೆ, ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ಡಿಗೂ ಕಾಗದ ಕಾರ್ಖಾನೆಯ ತಿರುಳಿಗೂ, ಬೆಣೆ ಒಗ್ಗುವುದಿಲ್ಲ. ತೆಳುವಾದ ಹರಿತ ಅಂಚಿನ ತಟ್ಟೆಯಿಂದ ನಾರನ್ನು ಕತ್ತರಿಸಿಕೊಂಡು ಇಳಿಯುವ ನೈಫ್ ಗೇಟ್ ಬೇಕು. ಒತ್ತಡ ಕಡಿಮೆಯಿರುವ ಜಾಗಕ್ಕಷ್ಟೇ ಇದು ಸಲ್ಲುತ್ತದೆ, ಅನೇಕ ಮಾದರಿಗಳು ಒಂದೇ ದಿಕ್ಕಿನ ಒತ್ತಡವನ್ನು ತಡೆಯುತ್ತವೆ. ಸುಣ್ಣದ ಹಾಲಿನ ಕೊಳವೆಯಲ್ಲಿ ಗಟ್ಟಿ ಪೊರೆ ಕಟ್ಟುವುದರಿಂದ ಅಲ್ಲಿ ಗೇಟ್ ವಾಲ್ವನ್ನೇ ಬಿಟ್ಟು ಡಯಾಫ್ರಂ ವಾಲ್ವಿನತ್ತ ಹೋಗುವುದು ಲೇಸು. ಮಂಗಳೂರು–ಹಾಸನ–ಬೆಂಗಳೂರು ಮಾರ್ಗದಂತಹ ಪೆಟ್ರೋಲಿಯಂ ಕೊಳವೆಗಳಲ್ಲಿ, ಒಳಗೋಡೆಯನ್ನು ಕೆರೆದು ಶುಚಿ ಮಾಡುವ ಪಿಗ್ ಎಂಬ ಸಾಧನ ದಾಟಿಹೋಗಬೇಕಾದ ಕಡೆ ಗೇಟ್ ವಾಲ್ವ್ ಹಾಕುವುದಾದರೆ, ಕೊಳವೆಯಷ್ಟೇ ಅಳತೆಯ ರಂಧ್ರವಿರುವ ಹಲಗೆಯಂತಹ ಗೇಟು ಬೇಕು; ಅದು ಬೇರೆಯೇ ಒಂದು ಜಾತಿಯಾಗಿದ್ದು, ಅದಕ್ಕೆ ಎಪಿಐ 6ಡಿ ಮಾನದಂಡವಿದೆ.

ವಾಲ್ವ್ ಬಂದಿಳಿದಾಗ ಅದರ ಜತೆಗಿನ ಪತ್ರಗಳನ್ನು ಓದುವುದು ಆಯ್ಕೆಯ ಕೊನೆಯ ಭಾಗ. ಎಪಿಐ 598ರ ಪ್ರಕಾರ ಉಕ್ಕಿನ ವಾಲ್ವಿನ ಒಡಲ ಪರೀಕ್ಷೆಯನ್ನು 38 ಡಿಗ್ರಿಯಲ್ಲಿ ಅದರ ಅನುಮತಿತ ಒತ್ತಡದ 1.5 ಪಟ್ಟಿಗೆ, ಅಧಿಕ ಒತ್ತಡದ ಮುಚ್ಚಿಕೆ ಪರೀಕ್ಷೆಯನ್ನು 1.1 ಪಟ್ಟಿಗೆ ನಡೆಸಿರಬೇಕು. ಲೋಹದ ಸೀಟಿನ ಗೇಟ್ ವಾಲ್ವ್ ಹನಿಯೂ ಸೋರಬಾರದೆಂಬ ನಿರೀಕ್ಷೆ ಸರಿಯಲ್ಲ: ಅದೇ ಮಾನದಂಡ 200ರಿಂದ 300 ಮಿ.ಮೀ. ವಾಲ್ವಿಗೆ ನೀರಿನ ಪರೀಕ್ಷೆಯಲ್ಲಿ ನಿಮಿಷಕ್ಕೆ 20 ಹನಿಗಳವರೆಗೆ ಅವಕಾಶ ಕೊಡುತ್ತದೆ. ಪೂರ್ಣ ತೆರೆದಾಗ ಸ್ಪಿಂಡಲಿನ ಭುಜ ಬಾನೆಟ್ಟಿನ ಒಳಗೆ ಕೂರುವ ಬ್ಯಾಕ್‌ಸೀಟ್ ಪರೀಕ್ಷೆಯಲ್ಲಿ ಗೆದ್ದಿದೆ ಎಂದ ಮಾತ್ರಕ್ಕೆ ಒತ್ತಡವಿರುವಾಗಲೇ ಸ್ಪಿಂಡಲಿನ ಸುತ್ತ ಸೋರಿಕೆ ತಡೆಯುವ ಗ್ಲ್ಯಾಂಡ್ ಪ್ಯಾಕಿಂಗ್ ಬದಲಿಸಬಹುದೆಂದು ಅರ್ಥವಲ್ಲ ಎಂಬುದನ್ನು ಆ ಮಾನದಂಡ ಸ್ಪಷ್ಟವಾಗಿಯೇ ಹೇಳುತ್ತದೆ. ಹಾಗೆ ಬದಲಿಸಲು ಹೋದವರ ಮುಖಕ್ಕೆ ಹಬೆ ಬಡಿಯುತ್ತದೆ. ಭಾರತದಲ್ಲಿ ಬಾಯ್ಲರಿನ ಹಬೆಯ ಕೊಳವೆಗೆ ಹಾಕುವ ವಾಲ್ವಿಗೆ 1950ರ ಭಾರತೀಯ ಬಾಯ್ಲರ್ ನಿಯಮಾವಳಿಯ ಫಾರಂ 3-ಸಿ ಪ್ರಮಾಣಪತ್ರವೂ ಬೇಕು. ಅದರಲ್ಲಿರುವ ಗುರುತಿನ ಸಂಖ್ಯೆಯನ್ನು ಒಡಲಿನ ಮೇಲೆ ಕೆತ್ತಿರುವ ಸಂಖ್ಯೆಯೊಂದಿಗೆ ವಾಲ್ವ್ ಇನ್ನೂ ಉಗ್ರಾಣದಲ್ಲಿರುವಾಗಲೇ ತಾಳೆ ನೋಡುವುದು ಒಳಿತು.

ಕೂಡಿಸುವಾಗ ಸ್ಪಿಂಡಲ್ ನೇರ ಮೇಲ್ಮುಖವಾಗಿರುವುದು ಎಲ್ಲ ವಿನ್ಯಾಸಗಳಿಗೂ ಉತ್ತಮ ಸ್ಥಿತಿ. ಕೆಳಮುಖವಾದರೆ ಕೊಳವೆಯ ಕಸವೆಲ್ಲ ಬಾನೆಟ್ಟಿನಲ್ಲಿ ಸೇರಿಕೊಳ್ಳುತ್ತದೆ. ದುರಸ್ತಿಗೆ ಬಿಚ್ಚಿದ ಗೇಟನ್ನು ಮರಳಿ ಕೂಡಿಸುವಾಗ ರಂಧ್ರವಿರುವ ತಟ್ಟೆ ಬಾಣದ ಗುರುತು ಹೇಳುವ ಬದಿಯಲ್ಲೇ ಇದೆಯೆಂದು ಬಾನೆಟ್ ಮುಚ್ಚುವ ಮುನ್ನ ನೋಡಬೇಕು, ಇಡಿ ಬೆಣೆಯ ಜಾಗಕ್ಕೆ ಬಾಗುವ ಬೆಣೆಯನ್ನು ಹಾಕಿದ್ದರೆ ಆ ಬದಲಾವಣೆಯನ್ನು ವಾಲ್ವಿನ ಫಲಕದಲ್ಲೂ ನಿರ್ವಹಣಾ ದಾಖಲೆಯಲ್ಲೂ ಬರೆದಿಡಬೇಕು.